ಸಿರ್ಪಾಳ ಟವೆಲ್ಲು

ಸಿರ್ಪಾ ಹಬೆಸ್ನಾನದ ಸೌನಾ ಕೋಣೆಯೊಳಗೆ ಟವೆಲ್ಲು ಸುತ್ತಿಕೊಂಡು ಬಂದಳು. ನಮ್ಮ ಸಾಯಿಮಾ ಸರೋವರದ ದಡದಲ್ಲಿ ಇಂಥದ್ದು ಹಿಮಯುಗ ಮುಗಿದ ಮೇಲೆ ಒಮ್ಮೆಯೂ ನಡೆದಿರಲಿಲ್ಲ. ಇಲ್ಲಿ ಅಕ್ಕತಂಗಿಯರು ಹಬೆಗೆ ಕೂತರೆ ಮೈಮೇಲೆ ನೂಲೆಳೆಯೂ ಇರುವುದಿಲ್ಲ. ಟವೆಲ್ಲು ಸುತ್ತಿ ಬಂದವಳೂ ಒಂದೇ, ಕೋಟು ತೊಟ್ಟು ಕೊಡೆ ಹಿಡಿದು ಬಂದವಳೂ ಒಂದೇ.

ಮೇಲಿನ ಹಲಗೆಯ ಮೇಲೆ ಅಕ್ಕ ಏಲಾ ಆಗಲೇ ಬೆವರುತ್ತ ಕೂತಿದ್ದಳು. ಕ್ಯಾನ್ಸರ್ ಎಂದು ಅವಳ ಎಡಗಡೆಯ ಮೊಲೆ ತೆಗೆದು ನಾಲ್ಕು ವರ್ಷವಾಗಿತ್ತು.

"ಏನೇ ಅದು, ಒಳಗೆ ಮೀನು ಬಚ್ಚಿಟ್ಕೊಂಡಿದೀಯಾ?"

"ಚಳಿ ಅಕ್ಕಾ."

"ಚಳಿಯಂತೆ." ಏಲಾ ಒಲೆಯ ಕಾದ ಕಲ್ಲುಗಳ ಮೇಲೆ ಒಂದು ಸೌಟು ನೀರು ಸುರಿದಳು. ಎದ್ದ ಹಬೆಗೆ ಸರೋವರದಾಚೆಯ ಊರಿನ ಕಿಟಕಿಗಳೂ ಮಂಜಾಗಿರಬೇಕು.

ಟವೆಲ್ಲಿನೊಳಗೆ, ಸಿರ್ಪಾಳ ಕಿಬ್ಬೊಟ್ಟೆಯ ಮೇಲೆ, ಬೆಳಿಗ್ಗೆ ತಾನೇ ಅಂಟಿಸಿಕೊಂಡ ಹಾರ್ಮೋನಿನ ಪಟ್ಟಿಯಿತ್ತು. ಮುಟ್ಟು ನಿಂತು ಆರೇಳು ವರ್ಷ. ವಸಂತದಲ್ಲಿ ದೋಣಿಗಟ್ಟೆಯ ಮೇಲೆ ಜಾರಿದ್ದಕ್ಕೆ ಮಣಿಕಟ್ಟು ಒಣ ಪುಳ್ಳೆಯ ಹಾಗೆ ಮುರಿದಿತ್ತು. ಪರೀಕ್ಷೆ ಮಾಡಿಸಿದರೆ ಮೂಳೆಯೆಲ್ಲ ಗರಿಗರಿ ರೈ ಧಾನ್ಯದ ರೊಟ್ಟಿಯ ಹಾಗೆ ತೂತು ತೂತು. ಮೊದಲು ಕೊಟ್ಟ ಮಾತ್ರೆ ಹೊಟ್ಟೆಗೆ ಆಗಿಬರಲಿಲ್ಲ. ಹಾರ್ಮೋನು ಮೂಳೆಯನ್ನು ಕಾಯುತ್ತದೆ, ಆದರೆ ಸ್ತನದ ಕ್ಯಾನ್ಸರಿನ ಅಪಾಯ ತುಸು ಹೆಚ್ಚುತ್ತದೆ, ಅಕ್ಕನದು ವಂಶದಲ್ಲಿ ಬರುವಂಥದ್ದೋ ಅಲ್ಲವೋ ಎಂದು ಕೇಳಿಕೊಂಡು ಬನ್ನಿ ಎಂದಿದ್ದರು ಡಾಕ್ಟರು. ಕರಡಿಯ ಬಾಯಿಗೆ ಕೈ ಹಾಕಲು ಹೆದರದ ಸಿರ್ಪಾ ಅಕ್ಕನ ಕಾಯಿಲೆಯ ಮಾತೆತ್ತಲು ಹೆದರಿದಳು. ಕೇಳಿದೆ, ಅಂಥದ್ದೇನೂ ಇಲ್ಲವಂತೆ ಎಂದು ಡಾಕ್ಟರಿಗೆ ಸುಳ್ಳು ಹೇಳಿ ಪಟ್ಟಿ ತಂದುಕೊಂಡಳು.

ಆದರೆ ಏಲಾಳ ಹಬೆಯ ಮುಂದೆ ಯಾವ ಅಂಟು ತಾನೇ ನಿಂತೀತು? ಪಟ್ಟಿ ಬೆವರಿಗೆ ಸಡಿಲವಾಗಿ, ಟವೆಲ್ಲಿನಡಿಯಿಂದ ಜಾರಿ, ಅಕ್ಕನ ಪಾದದ ಪಕ್ಕಕ್ಕೇ ಬಂದು ಬಿತ್ತು. ಏಲಾ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು.

"ಇದೇನು ಅಂತ ನಂಗೊತ್ತು. ನಂಗೆ ಈ ಜನ್ಮಕ್ಕೆ ಬೇಡ ಅಂದಿದಾರೆ."

"ಅಮ್ಮನ ಥರ ಆಗ್ತೀನೇನೋ ಅಂತ ಭಯ ಅಕ್ಕಾ."

ಅವರಮ್ಮ ಕೊನೆಕೊನೆಗೆ ಎಷ್ಟು ಬಾಗಿಹೋಗಿದ್ದಳೆಂದರೆ, ಆಕಾಶ ನೋಡಬೇಕಾದರೆ ಮಲಗಬೇಕಾಗಿತ್ತು.

"ನನ್ನ ಥರ ಆಗೋ ಭಯ ಇಲ್ವಾ?"

"ಅದೂ ಇದೆ."

ಏಲಾ ಪಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು, ಅಷ್ಟರಲ್ಲಿ ಒಂದು ಪೈನ್ ಮರ ಮೊಳೆತು, ಬೆಳೆದು, ಮುದಿಯಾಗಿ ಉರುಳಿರಬಹುದು.

"ನನ್ನ ಕೇಳಬಹುದಿತ್ತಲ್ಲೇ," ಎಂದಳು ಏಲಾ. "ಜೀನ್ ಪರೀಕ್ಷೆ ಮಾಡಿಸಿದೀನಿ. ವಂಶದಲ್ಲಿ ಬರೋ ದೋಷ ಸಿಕ್ಕಿಲ್ಲ. ಹಾಗಂತ ನಿಂಗೆ ಬರೋದೇ ಇಲ್ಲ ಅಂತ ಯಾರೂ ಬರ್ಕೊಟ್ಟಿಲ್ಲ."

"ಹೆಂಗೆ ಕೇಳಲಿ? ನಿಂಗೆ ನೋವಾಗುತ್ತೆ ಅಂತ..."

"ನಾಲ್ಕು ವರ್ಷದಿಂದ ಪ್ರತಿ ಶನಿವಾರ ನಿನ್ನ ಪಕ್ಕದಲ್ಲೇ ಬತ್ತಲೆ ಕೂತಿದೀನಿ ಕಣೇ. ನೀನು ನೋಡೋದು ಮಾತ್ರ ಒಲೆಯನ್ನ."

ಏಲಾ ಪಟ್ಟಿಯನ್ನು ಮರದ ಗೋಡೆಗೆ ಒತ್ತಿ ಅಂಟಿಸಿದಳು.

"ಸೋಮವಾರ ಇಬ್ರೂ ಡಾಕ್ಟರ್ ಹತ್ರ ಹೋಗೋಣ. ನಿಜ ಹೇಳು. ಆಮೇಲೆ ಬೇಕೋ ಬೇಡ್ವೋ ನೀನೇ ನೋಡ್ಕೋ. ಅಲ್ಲೀತನಕ ಈ ಗೋಡೆಗೆ ಮೂಳೆ ಬೆಳೀಲಿ."

ಸಿರ್ಪಾ ನಕ್ಕಳು, ಮೂಗೊರೆಸಿಕೊಂಡಳು, ಟವೆಲ್ಲು ಬಿಚ್ಚಿ ಕೆಳಗಿನ ಹಲಗೆಗೆ ಎಸೆದಳು. ಏಲಾ ಇನ್ನೊಂದು ಸೌಟು ನೀರು ಹೊಯ್ದಳು. ಒಲೆ ನೂರು ಹಾವುಗಳ ಹಾಗೆ ಬುಸುಗುಟ್ಟಿತು. ಸಿರ್ಪಾ ಈ ಸಲ ಅದರ ಕಡೆ ನೋಡಲಿಲ್ಲ.