ಶ್ರೀನಾಥ ಮೇಷ್ಟ್ರ ಮೀಸೆಯ ಪಂತ

ಮೇಜಿನ ಮೇಲೆ ಫೋನು. ಫೋನಿನಲ್ಲಿ ರೀಲ್ಸು. ಸ್ಟಾಫ್ ರೂಮಿನಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಸೀಮೆಸುಣ್ಣ ತರಲು ಬಂದ ಚೈತ್ರಶ್ರೀಯ ಹೆಬ್ಬೆರಳು ತಾನಾಗಿಯೇ ಮೇಲೆದ್ದಿತು. ಅಷ್ಟರಲ್ಲಿ ಕಿಟಕಿಯಾಚೆಯ ಕಂಬ ಕಣ್ಣಿಗೆ ಬಿತ್ತು. ಕಂಬದ ಎಡಕ್ಕೊಂದು ಮೀಸೆಯ ತುದಿ, ಬಲಕ್ಕೊಂದು.

"ಅಯ್ಯೋ ಕಳ್ಳ ಮೇಷ್ಟ್ರೇ!" ಎಂದುಕೊಂಡು ಸೀಮೆಸುಣ್ಣದ ಡಬ್ಬಿ ಎತ್ತಿಕೊಂಡು ಓಡಿದಳು.

ಆ ಮೀಸೆಯ ಬಗ್ಗೆ ಹೇಳದೆ ಮುಂದೆ ಹೋಗುವಂತಿಲ್ಲ. ಶ್ರೀನಾಥ ಮೇಷ್ಟ್ರು ಶಿಕಾರಿಪುರದ ಪೇಟೆಯಲ್ಲಿ ಮುಖ ತಿರುಗಿಸಿದರೆ ಬಸ್ಸುಗಳೂ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದವು. ಸೊರಬದಲ್ಲಿ ನಾಟಕದ ಸಾಮಾನು ಬಾಡಿಗೆಗೆ ಕೊಡುವ ಅವರ ಭಾವಮೈದ ನಾಗೇಶ್ ಆ ಮೀಸೆಗೆ ನಾಚಿ, ತನ್ನ ಭೀಮಸೇನನ ವೇಷವನ್ನು ಟ್ರಂಕಿಗೆ ತುಂಬಿಟ್ಟನಂತೆ. ಸುಳ್ಳೆನಿಸಿದರೆ ಸೊರಬದವರನ್ನೇ ಕೇಳಿ.

ಅಂಥ ಮೀಸೆಯನ್ನು ಮೇಷ್ಟ್ರು ಒಂಬತ್ತನೇ ಕ್ಲಾಸಿನ ಮುಂದೆ ಪಣಕ್ಕಿಟ್ಟಿದ್ದರು.

"ಶ್ರಾವಣ ಮುಗಿಯೋ ತನಕ ರೀಲ್ಸಿಲ್ಲ, ಗೇಮಿಲ್ಲ. ಎಲ್ರೂ ತಡಕೊಂಡ್ರೆ ಮೀಸೆ ಬೋಳಿಸ್ತೀನಿ. ಒಬ್ರು ಜಾರಿದ್ರೂ ಮೀಸೆ ಉಳೀತು!"

ಇಡೀ ಕ್ಲಾಸು ಚೈತ್ರಶ್ರೀಯ ಕಡೆ ತಿರುಗಿತು. ಖೊಖೊದಲ್ಲಿ ಗಾಳಿಯನ್ನೇ ಹಿಂದೆ ಹಾಕುತ್ತಿದ್ದವಳು ಅವಳು. ಫೋನು ಕೈಗೆ ಬಂದ ಮೇಲೆ ಬೆಂಚಿನ ಮೇಲೆ ತೂಕಡಿಸಿ ತೂಕಡಿಸಿ ಟೀಮಿನಿಂದ ಹೊರಬಿದ್ದಿದ್ದಳು. ಊಟದ ತಟ್ಟೆಯನ್ನೂ ಹೆಬ್ಬೆರಳಿನಿಂದ ಮೇಲಕ್ಕೆ ತಳ್ಳುತ್ತಾಳೆಂದು ತಾಯಿ ಲೋಕಮ್ಮ ಶಾಲೆಗೇ ಬಂದು ಅತ್ತಿದ್ದರು.

"ನಿನ್ ಕೈಲಿ ಆಗಲ್ಲ ಬಿಡೇ," ಎಂದಳು ಗೆಳತಿ ರಜನಿ. "ನಮ್ಮನ್ನೂ ಸೋಲಿಸ್ತೀಯ."

"ಆ ಮೀಸೆ ಬೀಳೋದು ನೋಡ್ದೆ ಬಿಡಲ್ಲ ಕಣೇ!"

ಮೇಷ್ಟ್ರು ಸುಮ್ಮನೆ ಕೂರುವವರೇ? ಪಂತ ಕಟ್ಟಿದ ಸಂಜೆಯೇ ಸೊರಬದ ಬಸ್ಸು ಹತ್ತಿ, ಭಾವಮೈದನ ಜೊತೆ ತಂತ್ರ ಹೂಡಿ ಬಂದರು. ಮಾರನೆಯ ದಿನದಿಂದ ಶುರು. ಹಾಟ್‌ಸ್ಪಾಟಿನ ಪಾಸ್‌ವರ್ಡು ಬೋರ್ಡಿನ ಮೇಲೆ, ಆನೆಗಾತ್ರದಲ್ಲಿ. ಅಳಿಸಲು ಮರೆವು. ಚೈತ್ರಶ್ರೀಯ ಬೆಂಚಿನ ಮೇಲೇ ಮೇಷ್ಟ್ರ ಫೋನು. ಎತ್ತಿಕೊಳ್ಳಲು ಮರೆವು. ಹೆಬ್ಬೆರಳು ತುರಿಸಿದಾಗಲೆಲ್ಲ ಅವಳು ಮೈದಾನಕ್ಕೆ ಓಡಿದಳು. ಓಡಿದ ರಭಸಕ್ಕೆ ಮೈದಾನದ ಹುಲ್ಲು ಇನ್ನೂ ಮಲಗಿಯೇ ಇದೆ. ಖೊಖೊ ಟೀಮು ಅವಳನ್ನು ಮತ್ತೆ ಕರೆದುಕೊಂಡಿತು.

ಇತ್ತ ಮೀಸೆಗೆ ರಾಜೋಪಚಾರ. ಮಳೆ ಹನಿದರೆ ತಲೆ ನೆನೆಯಲಿ, ಛತ್ರಿ ಮೀಸೆಗೆ. ಸೀನು ಬಂದರೆ ಎರಡೂ ಕೈ ಮೀಸೆಗೆ. ಬಿಸಿ ಚಹಾ ಬಿಟ್ಟೇಬಿಟ್ಟರು. ಶ್ರಾವಣದಲ್ಲಿ ಎಂದೂ ಗಡ್ಡಕ್ಕೆ ಬ್ಲೇಡು ತಾಗಿಸದವರು ಈ ವರ್ಷ ದಿನಾ ಕೆನ್ನೆ ನುಣ್ಣಗೆ ಮಾಡಿಕೊಂಡು ಬಂದರು.

"ಭಯಕ್ಕೆ ವ್ರತಾನೂ ಬಿಟ್ರೇನ್ರೀ?" ಎಂದು ನಕ್ಕರು ಮುಖ್ಯೋಪಾಧ್ಯಾಯಿನಿ ರಾಜೇಶ್ವರಮ್ಮ.

"ಇರೋವಷ್ಟು ದಿನ ಚೆಂದ ಕಾಣ್ಲಿ ಬಿಡಿ ಮೇಡಂ," ಎಂದರು ಮೇಷ್ಟ್ರು.

ಶ್ರಾವಣ ಮುಗಿಯಿತು. ಒಬ್ಬರೂ ಜಾರಿರಲಿಲ್ಲ. ಸಾಕ್ಷಿ ಹೇಳಲು ಲೋಕಮ್ಮನೂ ಬಂದರು. "ನಮ್ ಹುಡುಗಿ ಫೋನು ಮುಟ್ಟಿಲ್ಲ ಸಾರ್. ಅವಳು ಬಿಟ್ಲು ಅಂತ ನಾನೇ ಒಂಚೂರು ನೋಡ್ದೆ. ಅದು ಲೆಕ್ಕಕ್ಕಿಲ್ಲ ಅಲ್ವಾ?"

ಮೈದಾನದ ನಡುವೆ ಕುರ್ಚಿ. ಕುರ್ಚಿಯ ಮೇಲೆ ಟವೆಲು ಹೊದ್ದ ಮೇಷ್ಟ್ರು. ಮಕ್ಕಳ ಕೇಕೆ ಸೊರಬಕ್ಕೂ ಕೇಳಿಸಿರಬೇಕು. ಮೊದಲ ಕತ್ತರಿ ಚೈತ್ರಶ್ರೀಯದು ಎಂದು ಕ್ಲಾಸು ಒಕ್ಕೊರಲಿನಿಂದ ತೀರ್ಮಾನಿಸಿತು. ಅವಳು ಎಡಗೈಯಲ್ಲಿ ಮೀಸೆಯ ತುದಿ ಹಿಡಿದು ಎಳೆದಳು.

ಇಡೀ ಮೀಸೆ ಕೈಗೇ ಬಂತು. ಅದರಡಿಯ ಮೇಲ್ದುಟಿ ಸುಲಿದ ಬಾಳೆಹಣ್ಣಿನ ಹಾಗೆ ನುಣ್ಣಗಿತ್ತು.

"ಕತ್ತರಿ ತಾಗಿಸ್ಬೇಡಮ್ಮ, ಅದು ನಾಗೇಶನ ಭೀಮಸೇನಂದು," ಎಂದು ಮೇಷ್ಟ್ರು ಪಿಸುಗುಟ್ಟಿದರು. "ನೀನು ಗೆಲ್ತೀಯ ಅಂತ ಗೊತ್ತಿತ್ತಲ್ಲ, ನಂದನ್ನ ಪಂತ ಕಟ್ಟಿದ ದಿನಾನೇ ಬೋಳಿಸಿಬಿಟ್ಟಿದ್ದೆ!"