ಒಂದು ಸರದಿ ನೀರು

ಅಂದು ಬೆಳಿಗ್ಗೆ ಕೊಪ್ಪದ ಬಯಲಿನ ಮೇಲೆ ಮಂಜು ಕವಿದಿತ್ತು. ಕಬ್ಬಿನ ಸೂಲಂಗಿಯ ಬಿಳಿ ತುರಾಯಿ ಮಾತ್ರ ಮೇಲೆ ಕಾಣುತ್ತಿತ್ತು. ಕೆಳಗೆ ನೆಲವಿದೆಯೆಂದು ನಂಬಿ ಕಾಲಿಡಬೇಕಿತ್ತು. ಬೋರಯ್ಯ ತೂಬಿನ ಬಳಿ ಕುಕ್ಕರಗಾಲಲ್ಲಿ ಕೂತು, ಒಂದು ಬೊಗಸೆ ನೀರು ಕಣ್ಣಿಗೊತ್ತಿಕೊಂಡು, ಹಲಗೆ ಎತ್ತಿದ. ಅವನು ಆ ಕಾಲುವೆಯ ನೀರಗಂಟಿ. ಯಾರ ಗದ್ದೆಗೆ ಯಾವ ದಿನ ನೀರೆಂದು ನೋಡುವವನು ಅವನೇ.

ನೀರು ಪುಟ್ಟಮಾದಯ್ಯನ ಗದ್ದೆಗೆ ಹೋಗಬೇಕಿತ್ತು. ಹೋಗಲಿಲ್ಲ. ಎಡಕ್ಕೆ, ಗೌಸ್ ಪೀರನ ಅರ್ಧ ಎಕರೆಯ ಕಡೆ ತಿರುಗಿತು.

ಪುಟ್ಟಮಾದಯ್ಯ ಮಂಜಿನೊಳಗಿಂದ ಎದ್ದು ಬಂದ.

"ಇವತ್ತು ನನ್ ಸರದಿ ಕಣ್ಲಾ."

"ನಿಂಗೆ ನಾಳೆ." ಎಡಗೆನ್ನೆಗೆ ಟವೆಲ್ಲು ಸುತ್ತಿದ್ದ ಬೋರಯ್ಯನ ಮಾತು ಅರ್ಧ ಬಾಯಿಂದ ಬಂತು.

ಪುಟ್ಟಮಾದಯ್ಯ ನೀರು ತಿರುಗಿದ ದಿಕ್ಕು ನೋಡಿದ. ತಲೆಯ ವಸ್ತ್ರ ಬಿಚ್ಚಿ ಹೆಗಲಿಗೆ ಹಾಕಿಕೊಂಡ. "ಇವತ್ತೇನ್ಲಾ ಅದು?"

"ಊಂ."

"ಓಗ್ಲಿ ಬುಡು. ಅವನ ಬಾಕಿ ತೀರಿಸ್ಕೊಂಬುಡು."

ಆ ಬಾಕಿ ಹನ್ನೆರಡು ವರ್ಷ ಹಳೆಯದು. ಗೌಸ್ ಪೀರನ ಸರದಿಯ ದಿನ ಬೋರಯ್ಯ ತೂಬು ಬಿಟ್ಟು ಮಳವಳ್ಳಿಯ ಕಡೆ ಒಂದು ಬೀಗರೂಟಕ್ಕೆ ಹೋಗಿದ್ದ. ಹಲಗೆ ಎತ್ತುವವರಿಲ್ಲದೆ ಪೈರು ಒಣಗಿತು. ಪಂಪ್‌ಸೆಟ್ ರಿಪೇರಿಯವನಾದ ಗೌಸ್ ಪೀರ್ ಜಗಳವಾಡಲಿಲ್ಲ. ಅದನ್ನೊಂದು ತಮಾಷೆ ಮಾಡಿಕೊಂಡ. ಕಂಡಲ್ಲೆಲ್ಲ ಅದೇ ಮಾತು: "ನನ್ದೊಂದು ಸರದಿ ಬಾಕಿ ಐತೆ ಬೋರ. ಅದ ಕೊಡೋಗಂಟ ನೀನು ಸಾಯಂಗಿಲ್ಲ."

ಹೋದ ವರ್ಷ ಬೋರಯ್ಯನ ಕೆನ್ನೆಯೊಳಗೆ ಹುಣ್ಣಾಯಿತು. ಎಲೆ, ಹೊಗೆಸೊಪ್ಪು ನಲವತ್ತು ವರ್ಷ ಕೂತ ಜಾಗ. ಗೌಸ್ ಪೀರನೇ ಮೊಪೆಡ್ಡಿನಲ್ಲಿ ಮಂಡ್ಯದ ಆಸ್ಪತ್ರೆಗೆ ಕರೆದೊಯ್ದ. ಬೋರಯ್ಯನ ಹುಣ್ಣಿನಿಂದ ಪರೀಕ್ಷೆಗೆ ಚೂರು ತೆಗೆಯುವಷ್ಟರಲ್ಲಿ, ಹೇಗೂ ಬಂದದ್ದಾಯಿತೆಂದು ಅವನೂ ಅಲ್ಲಾಡುತ್ತಿದ್ದ ಒಂದು ದವಡೆಹಲ್ಲು ಕೀಳಿಸಿಕೊಂಡ. ಅಲ್ಲಿ ಬಾಯಿ ಕ್ಯಾನ್ಸರಿನ ಮೇಲೆ ಸಂಶೋಧನೆ ಮಾಡುತ್ತಿದ್ದ ಅರ್ಪಿತ ಎಂಬ ಹುಡುಗಿ, ಹೋಲಿಸಿ ನೋಡಲು ಆರೋಗ್ಯವಂತರ ಒಸಡೂ ಒಂದಿಷ್ಟು ಬೇಕೆಂದು ಕೇಳಿದಳು.

"ತಗಳವ್ವ," ಎಂದ ಗೌಸ್ ಪೀರ್. "ಬೀಡಿ ಕಾಣದ ಬಾಯಿ. ಇವನ ಬಾಯಿ ಪಕ್ಕ ಮಡಗು, ನಾಚ್ಕೊಂಡಾದ್ರೂ ವಾಸಿ ಆಯ್ತದೆ."

ತಿಂಗಳ ಮೇಲೆ ಫೋನು ಬಂತು. ಇಬ್ಬರೂ ಬನ್ನಿ ಎಂದಳು ಅರ್ಪಿತ. ಮದ್ದೂರಿನಲ್ಲಿ ಚಹಾಕ್ಕೆ ನಿಂತರು. ಗೌಸ್ ಪೀರ್ ಒಂದು ಗುಟುಕು ಕುಡಿದು ಲೋಟ ಇಟ್ಟ.

"ಯಾಕ್ಲಾ?"

"ಅಲ್ಲು ಕಿತ್ತ ಗುಣಿ ಇನ್ನೂ ಮಾಗಿಲ್ಲ. ಸುಡ್ತದೆ. ನೀ ಕುಡಿಲಾ, ನಿಂಗೆ ಎದೆಗಟ್ಟಿ ಬೇಕು ಇವತ್ತು."

ಅರ್ಪಿತ ಮೇಜಿನ ಮೇಲೆ ಎರಡು ಚಿತ್ರಗಳನ್ನಿಟ್ಟಳು. ಮಾತಿಗೆ ಮೊದಲು ಒಂದು ಲೋಟ ನೀರು ಕುಡಿದಳು.

"ಕೋಶ ಅಂದ್ರೆ ಒಂದು ಮನೆ ಅಂದ್ಕೊಳ್ಳಿ. ನಡುಕೋಣೇಲಿ ಒಂದು ನಿಯಂತ್ರಕ ಪ್ರೋಟೀನು ಇರುತ್ತೆ. ಬೆಳೆದದ್ದು ಸಾಕು ಅಂತ ತಡೆಯೋದು ಅದೇ."

"ನೀರಗಂಟಿ," ಎಂದ ಗೌಸ್ ಪೀರ್.

"ಹಾಗೇ. ಈ ಚಿತ್ರದಲ್ಲಿ ಕಂದು ಬಣ್ಣ ಇದೆಯಲ್ಲ, ಅದು. ನಡುಕೋಣೆಯೊಳಗೇ ಇದೆ. ಹೀಗಿದ್ರೆ ಗಡ್ಡೆ ನಿಧಾನ. ಕುಯ್ದು ತೆಗೆದ್ರೆ ಬದುಕಬಹುದು." ಅವಳ ಬೆರಳು ಎರಡನೆಯ ಚಿತ್ರಕ್ಕೆ ಸರಿಯಿತು. "ಇದರಲ್ಲಿ ಜಗುಲಿಗೆ ಬಂದುಬಿಟ್ಟಿದೆ."

"ಸತ್ತೋಗೈತಾ?" ಬೋರಯ್ಯ ಕೇಳಿದ.

"ಸತ್ತಿಲ್ಲ. ಜಾಗ ಬಿಟ್ಟಿದೆ. ಒಳಗಿದ್ದಾಗ ತಡೆಯುತ್ತೆ. ಹೊರಗೆ ಬಂದ ಮೇಲೆ, ಕೆಟ್ಟ ಕೋಶಗಳು ಬೇರೆ ಕಡೆಗೆ ಹೊರಟು ಹೋಗೋಕೆ ಅದೇ ನೆರವಾಗುತ್ತೆ. ಎರಡು ಸಲ ನೋಡಿದ್ವಿ. ದೊಡ್ಡ ಡಾಕ್ಟ್ರೂ ನೋಡಿದ್ರು. ಶ್ವಾಸಕೋಶದ ಸ್ಕ್ಯಾನ್ ಇವತ್ತೇ ಮಾಡಿಸಬೇಕು."

ಬೋರಯ್ಯ ತಲೆ ತಗ್ಗಿಸಿದ. ಜಾಗ ಬಿಟ್ಟ ನೀರಗಂಟಿ ಏನು ಮಾಡಿಬಿಡುತ್ತಾನೆಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಎರಡನೆಯ ಚಿತ್ರದ ಮೂಲೆಯ ಸಂಖ್ಯೆಯ ಮೇಲೆ ಬೆರಳಿಟ್ಟು, ಅದು ಯಾರದೆಂದು ಅರ್ಪಿತ ಹೆಸರು ಹೇಳಿದಳು. ಗೋಡೆಯ ಗಡಿಯಾರ ನಿಂತಿದೆಯೆಂದು ಬೋರಯ್ಯನಿಗೆ ಕಂಡಿತು. ಅದು ನಿಂತಿರಲಿಲ್ಲ.

ವಾಪಸು ಬರುವಾಗ ಮೊಪೆಡ್ಡಿನ ಹಿಂದೆ ಕೂತ ಬೋರಯ್ಯ ಗೌಸ್ ಪೀರನ ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದ. ಕಾಲುವೆ ಏರಿ ಹತ್ತಿದ ಮೇಲೆ ಬೋರಯ್ಯ ಬಾಯಿ ಬಿಟ್ಟ.

"ನಾಳೆನೇ ಬುಟ್ಬುಡ್ತೀನಿ ಕಣ್ಲಾ, ನಿನ್ ಸರದಿ."

"ಬ್ಯಾಡ." ಗೌಸ್ ಪೀರ್ ಹಿಂದೆ ತಿರುಗಲಿಲ್ಲ. "ಬಾಕಿ ಇರ್ಲಿ. ಬಾಕಿ ಇರೋಗಂಟ ಯಾರೂ ಓಗಂಗಿಲ್ಲ."

ಆಮೇಲೆ ಬೋರಯ್ಯನ ಕೆನ್ನೆ ಕುಯ್ದರು. ಮಳೆಗಾಲ ಬಂತು, ಹೋಯಿತು. ಪ್ರತಿ ಸೋಮವಾರ ಅವನು ಮನೆದೇವರಿಗೆ ಕೈಮುಗಿದು ಒಂದೇ ಮಾತು ಕೇಳಿದ: ಬಾಕಿ ಬಾಕಿಯಾಗಿಯೇ ಇರಲಿ.

ಈಗ ನೀರು ಬದುವಿನ ಕೊನೆ ಮುಟ್ಟಿತು. ಎತ್ತಿದ ಹಲಗೆ ಹಿಡಿದು ಬೋರಯ್ಯನೂ ಅದರ ಜೊತೆಗೇ ನಡೆದುಬಂದಿದ್ದ. ಪಂಪ್‌ಸೆಟ್ ಶೆಡ್ಡಿನ ಮುಂದೆ ಗೌಸ್ ಪೀರನ ಮೊಪೆಡ್ಡು ನಿಂತಿತ್ತು. ಸೀಟಿನ ಮೇಲಿನ ದಪ್ಪ ಧೂಳು ಮಂಜಿಗೆ ಕೆಸರಾಗಿತ್ತು. ನೀರಿನ ಸದ್ದಿಗೆ ಅವನ ಹೆಂಡತಿ ಫಕ್ರುನ್ನೀಸಾ ಸೆರಗು ತಲೆಗೆಳೆದುಕೊಂಡು ಬದುವಿಗೆ ಬಂದಳು.

"ಯಾರ ಸರದಿ ಅಣ್ಣ ಇವತ್ತು?"

"ಗೌಸಂದು ಕಣವ್ವ."

ಹೋಲಿಸಿ ನೋಡಲೆಂದು ನಗುತ್ತ ಒಸಡು ಕೊಟ್ಟವನನ್ನು, ಆ ಎರಡನೆಯ ಚಿತ್ರದವನನ್ನು, ಮಣ್ಣು ಮಾಡಿ ಅಂದಿಗೆ ನಲವತ್ತು ದಿನ. ಬೋರಯ್ಯ ಒದ್ದೆ ಹಲಗೆಯನ್ನು ಅವಳ ಕೈಗಿಟ್ಟ.