ಒಬ್ಬಳೇ ಹೋದ ದಿನ

ಆಟಿಸಂ ಇರುವ ಇಂಚರಾ ಅವತ್ತು ಮೊದಲ ಸಲ ಒಬ್ಬಳೇ ಬಸ್ಸು ಹತ್ತಿ ಲೈಬ್ರರಿಗೆ ಹೊರಟಳು. ಇದರಲ್ಲಿ ಗೆದ್ದರೆ ಇನ್ನು ಕೆಲಸಕ್ಕೂ ಒಬ್ಬಳೇ ಓಡಾಡಬಹುದು. ಬಸ್ಸಿನ ಓಡಾಟ ಕಲಿಸಿದ ಫಿಲೋಮಿನಾ ಟೀಚರ್, "ಯಾರೂ ಅವಳ ಹಿಂದೆ ಹೋಗಕೂಡದು" ಎಂದು ಮನೆಯವರಿಗೆ ಕಟ್ಟಪ್ಪಣೆ ಮಾಡಿದ್ದರು. ತಾಯಿ ವಾರಿಜಾಗೆ ಮನಸ್ಸು ತಡೆಯಲಿಲ್ಲ. ಗುರುತು ಸಿಗದಿರಲೆಂದು ಹೆಲ್ಮೆಟ್ ಹಾಕಿಕೊಂಡು ತಾನೂ ಹಿಂದಿನ ಬಾಗಿಲಲ್ಲಿ ಹತ್ತಿದಳು.

"ಯಾಕಮ್ಮಾ, ಡ್ರೈವರ್ ಮೇಲೆ ಅಷ್ಟೂ ನಂಬಿಕೆ ಇಲ್ವಾ?" ಎಂದು ಕಂಡಕ್ಟರ್ ಕೇಳಿದ.

ಪಕ್ಕದಲ್ಲಿ ಪೇಪರಿನ ಹಿಂದೆ ಮುಖ ಮರೆಸಿಕೊಂಡಿದ್ದವನು ಕೆಮ್ಮಿದ. ಆ ಕೆಮ್ಮು ಗಂಡನದು.

"ರೀ! ಆಫೀಸಿಗೆ ಅಂತ ಹೋದ್ರಲ್ಲ?"

"ನೀನು ತರಕಾರಿಗೆ ಅಂದೆಯಲ್ಲ?"

"ಮೆತ್ತಗೆ ಮಾತಾಡಿ, ಅವಳಿಗೆ ಕೇಳಿಸುತ್ತೆ," ಎಂದು ಮುಂದಿನ ಸೀಟಿನ ಮಂಕಿ ಟೋಪಿ ತಿರುಗಿತು. ಫಿಲೋಮಿನಾ ಟೀಚರ್!

"ಕಲಿಸಿದ ನಿಮಗೇ ಧೈರ್ಯ ಇಲ್ವಾ ಮೇಡಂ?" ಎಂದಳು ವಾರಿಜಾ.

"ನೀವು ಬಂದೇ ಬರ್ತೀರ ಅಂತ ಗೊತ್ತಿತ್ತು. ಹಿಡಿಯೋಕೆ ಬಂದೆ!"

ಪಿಸುಮಾತಿನ ಜಗಳ ಮುಗಿಸಿ ತಲೆಯೆತ್ತಿದರೆ ಇಂಚರಾಳ ಸೀಟು ಖಾಲಿ. ಲೈಬ್ರರಿ ಸ್ಟಾಪು ಆಗಲೇ ದಾಟಿತ್ತು. ವಾರಿಜಾ ಎದ್ದು ಬಾಗಿಲತ್ತ ನುಗ್ಗಿದಳು. ಅಷ್ಟರಲ್ಲಿ ಫೋನು ಬಂತು.

"ಅಮ್ಮಾ, ನಾನು ಲೈಬ್ರರಿ ಹತ್ರ ಇಳಿದೆ. ನೀವು ಮೂರೂ ಜನ ಇಳೀಲೇ ಇಲ್ಲ. ಗಾಬರಿ ಆಗ್ಬೇಡಿ. ಮುಂದಿನ ಸ್ಟಾಪಲ್ಲಿ ಇಳಿದು ಅಲ್ಲೇ ನಿಂತಿರಿ, ನಾನು ಬಂದು ಕರ್ಕೊಂಡು ಹೋಗ್ತೀನಿ. ಇಳಿಯುವಾಗ ಹಿಂದಿನ ಸೀಟಲ್ಲಿ ನಿದ್ದೆ ಮಾಡ್ತಿರೋ ನಮ್ಮಜ್ಜೀನೂ ಎಬ್ಬಿಸ್ಕೊಳ್ಳಿ."